ಸಿಕ್ಕಿಕೊಂಡ ಅಡಿಕೆಗೆ ಕೈ ಹಾಕಿದಾಗ: ಮಲೆನಾಡಿನ ಅಂಗಳದಲ್ಲಿ ಕಳೆದುಹೋಗುವ ಬೆರಳುಗಳು

ಆ ವರ್ಷ ದೀಪಾವಳಿ ಮುಗಿದು ಒಂದು ವಾರವಾಗಿತ್ತು. ತೀರ್ಥಹಳ್ಳಿ ಕಡೆಯ ನಮ್ಮ ಮನೆ ಅಂಗಳದಲ್ಲಿ ಹಿಂದಿನ ದಿನ ಕೊಯ್ದ ಹಸಿ ಅಡಿಕೆ ಮೊಣಕಾಲೆತ್ತರ ರಾಶಿ ಬಿದ್ದಿತ್ತು. ಒಂದು ಬದಿಯಲ್ಲಿ ಅಡಿಕೆ ಬೇಯಿಸುವ ಹಂಡೆ ಕುದಿಯುತ್ತಿತ್ತು, ಆ ನೀರಿನ, ಅಂದರೆ ಚೊಗರಿನ, ಒಗರು ವಾಸನೆ ಮನೆ ತುಂಬ. ಇನ್ನೊಂದು ಬದಿಯಲ್ಲಿ ಬಾಡಿಗೆಗೆ ತಂದ ಸುಲಿಯುವ ಮಷಿನ್ನು ಸಂಜೆಯಿಂದ ಒಂದೇ ಸಮ ಓಡುತ್ತಿತ್ತು. ರಾತ್ರಿ ಒಂಬತ್ತೂವರೆ ಹೊತ್ತಿಗೆ ಕರೆಂಟು ಹೋಯಿತು, ಮಷಿನ್ನು ನಿಂತಿತು. ಬಾಯಿಯ ಹತ್ತಿರ ದಪ್ಪನೆಯ ಹಣ್ಣಡಿಕೆಯೊಂದು ಸಿಕ್ಕಿಕೊಂಡಿದ್ದು ಮೊದಲೇ ಕಣ್ಣಿಗೆ ಬಿದ್ದಿತ್ತು. ಹೇಗೂ ನಿಂತಿದೆಯಲ್ಲ, ತೆಗೆದುಬಿಡೋಣ ಎಂದು ಚಿಕ್ಕಪ್ಪ ಎಡಗೈಯಲ್ಲಿ ಮೊಬೈಲಿನ ಬೆಳಕು ಹಿಡಿದು ಬಲಗೈ ಒಳಗೆ ಹಾಕಿದರು. ಕರೆಂಟು ಬಂತು.

ತೋರುಬೆರಳು ನಡುಗೆಣ್ಣಿನಿಂದ ಹೋಯಿತು. ನಡುಬೆರಳಿನ ತುದಿ ಉಗುರಿನ ಸಮೇತ ಹೋಯಿತು.

ಮಾರನೆಯ ದಿನ ಮನೆಗೆ ಬಂದವರೆಲ್ಲ ಒಂದೇ ಮಾತು ಆಡಿದರು. "ಇಷ್ಟು ವರ್ಷ ಮಾಡಿದ ಕೆಲಸ, ಅದು ಹ್ಯಾಗೆ ಕೈ ಹಾಕಿದೆ ಮಾರಾಯಾ? ಸ್ವಲ್ಪ ಎಚ್ಚರ ಬೇಡ್ವಾ?" ಚಿಕ್ಕಪ್ಪನೂ ತಲೆ ತಗ್ಗಿಸಿ ಹೌದು ಎಂದರು. ಆಗ ನಾನೂ ಹಾಗೆಯೇ ನಂಬಿದ್ದೆ. ಆಮೇಲಿನ ವರ್ಷಗಳಲ್ಲಿ ಬೆರಳು ಕಳೆದುಕೊಂಡವರು ಎಲ್ಲೇ ಸಿಗಲಿ, ಸಂತೆಯಲ್ಲಿ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ನಾನು ಕೇಳುವ ಪ್ರಶ್ನೆ ಒಂದೇ: ಆ ಕ್ಷಣದಲ್ಲಿ ಏನು ಮಾಡುತ್ತಿದ್ದಿರಿ? ಕಾಯಿ ಹಾಕುತ್ತಿದ್ದೆ, ಮೇವು ಕೊಡುತ್ತಿದ್ದೆ ಎಂದವರು ಕಡಿಮೆ. ಸಿಕ್ಕಿಕೊಂಡದ್ದು ತೆಗೆಯುತ್ತಿದ್ದೆ, ಬೆಲ್ಟು ಜಾರಿತ್ತು, ಸುತ್ತಿಕೊಂಡ ನಾರು ಎಳೆಯುತ್ತಿದ್ದೆ, ಎಣ್ಣೆ ಬಿಡುತ್ತಿದ್ದೆ ಎಂದವರೇ ಹೆಚ್ಚು. ಓಡುವ ಯಂತ್ರದ ಮುಂದೆ ಕೂತಾಗ ಎಲ್ಲರಿಗೂ ಎಚ್ಚರ ಇರುತ್ತದೆ. ಯಂತ್ರ ನಿಂತಿದೆ, ಅಥವಾ ಇನ್ನೇನು ನಿಲ್ಲುತ್ತದೆ ಅನ್ನಿಸಿದಾಗ ಕೈ ಒಳಗೆ ಹೋಗುತ್ತದೆ. ನಾವು ಕಾವಲು ಇಡಬೇಕಾದ ಗಳಿಗೆ ಅದು, ಮತ್ತು ಆ ಗಳಿಗೆಗೆ ಬೇಕಾದ ಏರ್ಪಾಡು ನಮ್ಮ ಬಹುಪಾಲು ಮಷಿನ್ನುಗಳಲ್ಲಿ ಇಲ್ಲ.

ಹಿಂದೆ ಮೆಟ್ಟುಗತ್ತಿಯಲ್ಲಿ ಸುಲಿಯುತ್ತಿದ್ದಾಗಲೂ ಕೈ ಕೊಯ್ಯುತ್ತಿತ್ತು. ನಮ್ಮ ಅಜ್ಜಿಯ ಹೆಬ್ಬೆರಳ ಮೇಲೆ ಲೆಕ್ಕವಿಲ್ಲದಷ್ಟು ಗೀರು. ಆದರೆ ಹತ್ತು ಬೆರಳೂ ಕೊನೆಯವರೆಗೆ ಇದ್ದವು. ಮೆಟ್ಟುಗತ್ತಿಯ ಅಲಗು ಕದಲುವುದಿಲ್ಲ, ಕೈ ಎಷ್ಟು ಒತ್ತುತ್ತದೋ ಅಷ್ಟೇ ಕೊಯ್ಯುತ್ತದೆ, ನೋವಾದ ಕೂಡಲೇ ಕೈ ತಾನಾಗಿ ಹಿಂದೆ ಬರುತ್ತದೆ. ಮೋಟಾರಿಗೆ ನಮ್ಮ ನೋವು ಗೊತ್ತಾಗುವುದಿಲ್ಲ. ಸಾಮಾನ್ಯ ಮೋಟಾರು ನಿಮಿಷಕ್ಕೆ ಸುಮಾರು 1,440 ಸುತ್ತು, ಅಂದರೆ ಸೆಕೆಂಡಿಗೆ 24 ಸುತ್ತು ತಿರುಗುತ್ತದೆ. ಏನೋ ತಾಗಿತು ಎಂದು ಮಿದುಳಿಗೆ ತಿಳಿದು ಕೈ ಹಿಂದಕ್ಕೆ ಎಳೆದುಕೊಳ್ಳಲು ಹತ್ತಿರ ಹತ್ತಿರ ಕಾಲು ಸೆಕೆಂಡು ಬೇಕು. ಅಷ್ಟರಲ್ಲಿ ಮೋಟಾರಿನ ಪುಲ್ಲಿ ಆರು ಸುತ್ತು ಸುತ್ತಿ ಆಗಿರುತ್ತದೆ. ಹುಷಾರಾಗಿದ್ದರೆ ಕೈ ಉಳಿಯುತ್ತದೆ ಅನ್ನುವ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಕರೆಂಟಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮಲೆನಾಡಿನಲ್ಲಿ ಇದು ದಿನನಿತ್ಯದ ಕಥೆ. ತೋಟದ ಪಂಪ್‌ಸೆಟ್ಟಿಗೆ ಸ್ಟಾರ್ಟರ್ ಇರುವುದು ಎಲ್ಲರಿಗೂ ಗೊತ್ತು. ಕರೆಂಟು ಹೋದರೆ ಸ್ಟಾರ್ಟರ್ ಬಿದ್ದುಹೋಗುತ್ತದೆ, ಮತ್ತೆ ಕರೆಂಟು ಬಂದಾಗ ಯಾರಾದರೂ ಹೋಗಿ ಹಸಿರು ಗುಂಡಿ ಒತ್ತಬೇಕು. ಒಳಗಿರುವ ನೋ-ವೋಲ್ಟ್ ಕಾಯಿಲ್ ಮಾಡುವ ಕೆಲಸ ಅದು. ರಾತ್ರಿ ಎದ್ದು ತೋಟಕ್ಕೆ ಹೋಗುವ ಕಷ್ಟಕ್ಕೆ ನಾವು ಆ ಸ್ಟಾರ್ಟರನ್ನು ಬೈದುಕೊಳ್ಳುತ್ತೇವೆ. ಆದರೆ ಮನುಷ್ಯನ ಕೈ ಸುಳಿಯದ ಪಂಪಿಗೆ ಇರುವ ಈ ರಕ್ಷಣೆ, ಕೈ ಪಕ್ಕದಲ್ಲೇ ಇರುವ ಸುಲಿಯುವ ಮಷಿನ್ನಿಗೆ ಎಷ್ಟೋ ಅಂಗಳಗಳಲ್ಲಿ ಇಲ್ಲ. ಅಲ್ಲಿರುವುದು ಗೋಡೆಯ ಸ್ವಿಚ್ಚು ಅಥವಾ ಪ್ಲಗ್ಗು. ಕರೆಂಟು ಹೋದಾಗ ಸ್ವಿಚ್ಚು ಆನ್ ಆಗಿಯೇ ಇರುತ್ತದೆ, ಬಂದ ಕೂಡಲೇ ಯಾರನ್ನೂ ಕೇಳದೆ ಮಷಿನ್ನು ಓಡುತ್ತದೆ. ನಮ್ಮ ಅಂಗಳದಲ್ಲಿ ಆ ರಾತ್ರಿ ಆದದ್ದು ಇದು. ಸಿಂಗಲ್ ಫೇಸ್ ಮೋಟಾರಿಗೂ ಇಂಥ ಸ್ಟಾರ್ಟರ್ ಸಿಗುತ್ತದೆ, ಊರಿನ ಯಾವ ಮೋಟಾರು ಕಟ್ಟುವವರೂ ಕೂರಿಸಿ ಕೊಡುತ್ತಾರೆ, ಮಷಿನ್ನಿನ ಬೆಲೆಯ ಎದುರು ಅದರ ಖರ್ಚು ಲೆಕ್ಕಕ್ಕೇ ಬಾರದು. ಹಾಕಿಸಿಲ್ಲದಿದ್ದರೆ ಲೈನ್‌ಮನ್‌ಗಳು ಮಾಡುವುದನ್ನು ಮಾಡಬೇಕು: ಕೈ ಹಾಕುವವರು ಮೊದಲು ಫ್ಯೂಸ್ ಕಿತ್ತು ತಮ್ಮ ಜೇಬಿಗೆ ಹಾಕಿಕೊಳ್ಳಬೇಕು. ಪ್ಲಗ್ಗಾದರೆ ಕಿತ್ತು ಅದರ ತುದಿ ತಮ್ಮ ಕಾಲ ಬಳಿಯೇ ಇಟ್ಟುಕೊಳ್ಳಬೇಕು. ಸ್ವಿಚ್ಚು ಆಫ್ ಮಾಡಿದರೆ ಸಾಲದು. ಒಳಗಿನಿಂದ ಬಂದ ಮತ್ತೊಬ್ಬರು, ಯಾಕೆ ನಿಂತಿದೆ ಎಂದು ತಿಳಿಯದೆ ಆನ್ ಮಾಡಿದ ಉದಾಹರಣೆ ನಮ್ಮ ನೆರೆಯಲ್ಲೇ ಇದೆ.

ಇನ್ನೊಂದು ಮೋಸ, ಆಫ್ ಮಾಡಿದ ಮೇಲೂ ಉರುಳುವ ಚಕ್ರದ್ದು. ಭಾರವಾದ ಡ್ರಮ್ಮು, ಮೇವು ಕತ್ತರಿಸುವ ಯಂತ್ರದ ದೊಡ್ಡ ಗಾಲಿ ಇವೆಲ್ಲ ಕರೆಂಟಿಲ್ಲದೆಯೂ ಸುಮಾರು ಹೊತ್ತು ತಿರುಗುತ್ತವೆ. ಶಬ್ದ ಇಳಿದಾಗ ನಿಂತಿತು ಅನ್ನಿಸುತ್ತದೆ, ಅಲಗು ಇನ್ನೂ ಸುತ್ತುತ್ತಿರುತ್ತದೆ. ಪೂರ್ತಿ ನಿಂತ ಮೇಲೆಯೂ, ಸಿಕ್ಕಿದ್ದು ಬಿಡಿಸಲು ಒಬ್ಬರು ಬೆಲ್ಟು ಹಿಡಿದು ಹಿಂದೆ ಮುಂದೆ ಜಗ್ಗುತ್ತಾರೆ, ಇನ್ನೊಬ್ಬರ ಬೆರಳು ಒಳಗಿರುತ್ತದೆ. ಜಗ್ಗುವವರ ಬೆರಳೂ ಬೆಲ್ಟು ಪುಲ್ಲಿ ಸೇರುವ ಸಂದಿಗೆ ಹೋಗುತ್ತದೆ. ಕರೆಂಟಿನ ಹಂಗಿಲ್ಲದೆ, ಬರೀ ಕೈಯ ಬಲದಲ್ಲಿ ಬೆರಳ ತುದಿ ಜಜ್ಜಿಹೋಗುವುದು ಹೀಗೆ.

ಬೆಲ್ಟಿನ ಮೇಲಿನ ಮುಚ್ಚಳದ ಬಗ್ಗೆ ನನಗೆ ಬಹಳ ಸಿಟ್ಟಿದೆ. ಬರುವಾಗ ಇರುತ್ತದೆ, ಎರಡನೆಯ ವರ್ಷಕ್ಕೆ ಕೊಟ್ಟಿಗೆಯ ಮೂಲೆ ಸೇರಿರುತ್ತದೆ. ಕೂಲಿಯವರ ಉದಾಸೀನ ಎಂದು ಮನೆಯವರು, ಮನೆಯವರ ಅವಸರ ಎಂದು ಕೂಲಿಯವರು. ನಿಜವಾಗಿ ನೋಡಿದರೆ, ನಾಲ್ಕು ಬೋಲ್ಟು ಬಿಚ್ಚಿ ನಾಲ್ಕು ಬೋಲ್ಟು ಹಾಕಬೇಕಾದ ಮುಚ್ಚಳವನ್ನು ರಾತ್ರಿಗೆ ಹತ್ತು ಸಲ ಯಾರೂ ತೆಗೆದು ಹಾಕುವುದಿಲ್ಲ. ಅದೇ ಮುಚ್ಚಳಕ್ಕೆ ಒಂದು ಕೀಲು, ಒಂದು ಕೊಂಡಿ ಇದ್ದಿದ್ದರೆ ಅದು ತನ್ನ ಜಾಗದಲ್ಲೇ ಉಳಿಯುತ್ತಿತ್ತು. ಬಟ್ಟೆ ಹಿಂಡುತ್ತಿರುವ ವಾಷಿಂಗ್ ಮಷಿನ್ನಿನ ಮುಚ್ಚಳ ಎತ್ತಿದರೆ ಡ್ರಮ್ಮು ನಿಲ್ಲುತ್ತದೆ. ಅದಕ್ಕೆ ಒಳಗೆ ಪುಟ್ಟದೊಂದು ಸ್ವಿಚ್ಚಿದೆ, ಅಷ್ಟೇ. ಒದ್ದೆ ಬಟ್ಟೆಗೆ ಸಿಕ್ಕ ಮರ್ಯಾದೆ ಅಡಿಕೆ ಸುಲಿಯುವವರ ಕೈಗೆ ಸಿಗಬಾರದೇ?

ಭತ್ತ, ಜೋಳ ಒಕ್ಕುವ ಯಂತ್ರಗಳ ವಿಷಯದಲ್ಲಿ ದೇಶ ಈ ಪಾಠವನ್ನು ಬಹಳ ಹಿಂದೆಯೇ ಕಲಿತಿದೆ. ಒಕ್ಕಣೆ ಯಂತ್ರಗಳಿಗೆ ಕೈ ಕೊಟ್ಟವರ ಸಂಖ್ಯೆ ಕಂಡು 1983ರಲ್ಲಿ ಸಂಸತ್ತು ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆಯನ್ನೇ ತಂದಿತು. ಒಕ್ಕಣೆ ಯಂತ್ರಕ್ಕೆ ಪೈರು ಕೊಡುವ ದೋಣಿಯಾಕಾರದ ದಾರಿ ಕನಿಷ್ಠ 90 ಸೆಂಟಿಮೀಟರ್ ಉದ್ದ ಇರಬೇಕು, ಅದರಲ್ಲಿ 45 ಸೆಂಟಿಮೀಟರ್ ಮೇಲಿನಿಂದ ಮುಚ್ಚಿರಬೇಕು ಎಂದು ಭಾರತೀಯ ಮಾನಕ ಹೇಳುತ್ತದೆ. ಇದರ ಹಿಂದಿನ ಯೋಚನೆ ಸರಳ: ತೋಳು ಎಷ್ಟು ಉದ್ದವೋ ಅದಕ್ಕಿಂತ ದೂರದಲ್ಲಿ ಅಲಗು ಇರಲಿ, ಬೇಕೆಂದರೂ ಕೈ ತಲುಪದಿರಲಿ. ಕಾಯ್ದೆ ಹೆಸರಿಸುವುದು ಒಕ್ಕಣೆ ಯಂತ್ರವನ್ನು, ಆದರೆ ಗ್ರಾಮೀಣ ಬಳಕೆಯ ಬೇರೆ ಯಂತ್ರಗಳನ್ನೂ ಸೇರಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಕೃಷಿ ಯಂತ್ರಗಳಿಗೆ ಸಹಾಯಧನ ಕೊಡುವಾಗ ಸ್ಟಾರ್ಟರ್ ಮತ್ತು ಕೀಲಿನ ಮುಚ್ಚಳ ಇಲ್ಲದ ಮಷಿನ್ನಿಗೆ ದುಡ್ಡಿಲ್ಲ ಎಂದು ಸರ್ಕಾರ ಒಂದು ಸಾಲು ಬರೆದರೆ, ತಯಾರಕರು ಒಂದೇ ಹಂಗಾಮಿನಲ್ಲಿ ದಾರಿಗೆ ಬರುತ್ತಾರೆ. ನೂರು ಜಾಗೃತಿ ಶಿಬಿರಗಳಿಗಿಂತ ಆ ಸಾಲಿನ ಮೇಲೆ ನನಗೆ ಭರವಸೆ ಹೆಚ್ಚು.

ಕೈಗವಸಿನ ವಿಷಯದಲ್ಲಿ ಒಳ್ಳೆಯ ಮನಸ್ಸಿನವರೇ ತಪ್ಪು ಮಾಡುತ್ತಾರೆ. ಚೊಗರಿನ ಕಲೆ ಆಗದಿರಲಿ, ಕೈ ತರಚದಿರಲಿ ಎಂದು ಕೆಲಸದವರಿಗೆ ಬಟ್ಟೆಯ ಗ್ಲೌಸ್ ತಂದುಕೊಡುತ್ತಾರೆ. ಮೆಟ್ಟುಗತ್ತಿಗೆ, ಅಡಿಕೆ ಹಾಳೆ ಹೊರುವುದಕ್ಕೆ ಅದು ಸರಿ. ತಿರುಗುವ ಯಂತ್ರದ ಹತ್ತಿರ ಗ್ಲೌಸ್ ಹಾಕಲೇಬಾರದು. ಅದರ ಒಂದು ಎಳೆ ಸಿಕ್ಕಿದರೆ ಸಾಕು, ಇಡೀ ಕೈಯನ್ನು ಒಳಗೆ ಕರೆದುಕೊಂಡು ಹೋಗುತ್ತದೆ. ಸೀರೆಯ ಸೆರಗು, ವೇಲು, ಪೂರ್ತಿ ತೋಳಿನ ಸಡಿಲ ಅಂಗಿ, ಮಣಿಕಟ್ಟಿಗೆ ಕಟ್ಟಿದ ದೇವರ ದಾರ, ಬಳೆ ಎಲ್ಲವೂ ಹಾಗೆಯೇ. ಉಂಗುರದ್ದು ಇನ್ನೂ ಕೆಟ್ಟ ಕಥೆ. ಪಿಕಪ್ ಗಾಡಿಯ ಹಿಂಬದಿಯಿಂದ ಕೆಳಗೆ ಹಾರುವಾಗ, ಬೇಲಿ ದಾಟುವಾಗ ಉಂಗುರ ಎಲ್ಲೋ ಮೊಳೆಗೆ ಸಿಕ್ಕಿ ದೇಹದ ಭಾರವೆಲ್ಲ ಆ ಒಂದು ಬೆರಳ ಮೇಲೆ ಬೀಳುತ್ತದೆ, ಚರ್ಮ ರಕ್ತನಾಳದ ಸಮೇತ ಕವಚದಂತೆ ಸುಲಿದು ಬರುತ್ತದೆ. ಕತ್ತಿಯಲ್ಲಿ ನೇರ ಕಡಿದ ಬೆರಳನ್ನು ಮರಳಿ ಕೂಡಿಸುವುದಕ್ಕಿಂತ ಇದನ್ನು ಸರಿಪಡಿಸುವುದು ಎಷ್ಟೋ ಕಷ್ಟ.

ಇದೆಲ್ಲ ಗೊತ್ತಿದ್ದೂ ಕೈ ಯಾಕೆ ಒಳಗೆ ಹೋಗುತ್ತದೆ? ಹಸಿ ಅಡಿಕೆ ಕಾಯುವುದಿಲ್ಲ. ಕೊಯ್ದ ಒಂದೆರಡು ದಿನದಲ್ಲಿ ಸುಲಿದು ಬೇಯಿಸದಿದ್ದರೆ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಮಂಡಿಯಲ್ಲಿ ರೇಟು ಬೀಳುತ್ತದೆ. ಮರ ಹತ್ತಿ ಅಡಿಕೆ ಗೊನೆ ಇಳಿಸುವವರು ಸಿಕ್ಕಿದ ದಿನವೇ ಕೊಯ್ಲು ಆಗಬೇಕು, ಹಾಗಾಗಿ ಒಮ್ಮೆಗೇ ರಾಶಿ ಬೀಳುತ್ತದೆ. ಮಷಿನ್ನಿನವರಿಗೆ ಕ್ವಿಂಟಲ್ ಲೆಕ್ಕದ ಕೂಲಿ, ನಿಂತ ಹತ್ತು ನಿಮಿಷಕ್ಕೆ ಕಾಸಿಲ್ಲ, ಬೆಳಗ್ಗೆ ಇನ್ನೊಂದು ಮನೆಗೆ ಹೋಗಬೇಕು. ಹಗಲೆಲ್ಲ ತೋಟದಲ್ಲಿ ದುಡಿದವರೇ ರಾತ್ರಿ ಹನ್ನೊಂದರವರೆಗೆ ಮಷಿನ್ನಿನ ಮುಂದೆ. ಹೀಗಿರುವಾಗ ಪ್ರತಿ ಸಲ ಫ್ಯೂಸ್ ಕೀಳು ಎಂದರೆ ಅವರ ಕೂಲಿಯಿಂದ ಕಡಿದಂತೆ. ಅಂಗಳದ ಯಜಮಾನರು ಇದನ್ನು ಅರ್ಥ ಮಾಡಿಕೊಳ್ಳಬೇಕು. ಮಷಿನ್ನು ನಿಂತ ಹೊತ್ತಿಗೂ ಕೂಲಿ ಇದೆ ಎಂದು ಮೊದಲೇ ಹೇಳಿಬಿಟ್ಟರೆ, ಒಂಬತ್ತು ಗಂಟೆಗೆ ಕೆಲಸ ನಿಲ್ಲಿಸಿದರೆ, ಯಾವ ಎಚ್ಚರಿಕೆಯ ಬೋರ್ಡೂ ಉಳಿಸದ ಬೆರಳು ಉಳಿಯುತ್ತದೆ.

ಅಡಿಕೆ ಬಿಟ್ಟು ಬೇರೆ ಕಡೆಯೂ ಇದೇ ಕಥೆ ಸ್ವಲ್ಪ ವೇಷ ಬದಲಿಸಿ ಬರುತ್ತದೆ. ಆಲೆಮನೆಯಲ್ಲಿ ಕಬ್ಬಿನ ಜೊತೆ ಗಾಣದ ರೋಲರಿಗೆ ಹೋಗುವ ಕೈ. ಮರದ ಮಿಲ್ಲಿನಲ್ಲಿ ಕೊನೆಯ ಸಣ್ಣ ತುಂಡನ್ನು ಬೆರಳಿನಿಂದಲೇ ಗರಗಸಕ್ಕೆ ತಳ್ಳುವ ಅಭ್ಯಾಸ, ಅದಕ್ಕೊಂದು ತಳ್ಳುಕೋಲು ಸಾಕು. ಮಾಚೇನಹಳ್ಳಿಯಂಥ ಕೈಗಾರಿಕಾ ಪ್ರದೇಶದಲ್ಲಿ ಲೋಹದ ತಗಡು ಒತ್ತುವ ಪ್ರೆಸ್ ಕೆಲಸಕ್ಕೆ ಎರಡು ಗುಂಡಿಯ ವ್ಯವಸ್ಥೆ ಸರಿಯಾದದ್ದು. ಎರಡೂ ಕೈಯಿಂದ ಒತ್ತಿದರೆ ಮಾತ್ರ ಪ್ರೆಸ್ ಇಳಿಯುತ್ತದೆ, ಹಾಗಾಗಿ ಎರಡೂ ಕೈ ಹೊರಗಿರಲೇಬೇಕು. ವೇಗ ಹೆಚ್ಚಲಿ ಎಂದು ಒಂದು ಗುಂಡಿಯನ್ನು ತಂತಿ ಕಟ್ಟಿ ಕೂರಿಸಿದರೆ ಅಲ್ಲಿಗೆ ಮುಗಿಯಿತು. ಮಕ್ಕಳದ್ದು ಬೇರೆಯೇ. ಕೊಟ್ಟಿಗೆಯಲ್ಲಿ ಅಣ್ಣ ಮೇವಿನ ಯಂತ್ರದ ಗಾಲಿ ತಿರುಗಿಸುತ್ತಾನೆ, ತಂಗಿ ಹುಲ್ಲಿನ ಬಾಯಿಗೆ ಕೈ ಹಾಕಿರುತ್ತಾಳೆ. ಆಟ ಅಂದುಕೊಂಡಿರುತ್ತವೆ. ಕೆಲಸ ಮುಗಿದ ಕೂಡಲೇ ಗಾಲಿಗೆ ಸರಪಳಿ ಹಾಕಿ ಬೀಗ ಜಡಿಯುವುದು ಕೊಟ್ಟಿಗೆಯ ಬಾಗಿಲು ಹಾಕಿದಷ್ಟೇ ಸಹಜವಾಗಬೇಕು. ಮನೆಯೊಳಗೆ ಬಾಗಿಲಿನ ಕೀಲಿನ ಕಡೆಯ ಸಂದಿ, ನಿಲ್ಲಿಸಿದ ಬೈಕಿನ ಚೈನು. ಎರಡೂ ಪುಟ್ಟ ಬೆರಳುಗಳಿಗೆ ಹೇಳಿ ಮಾಡಿಸಿದ ಅಳತೆ.

ಇಷ್ಟಾದ ಮೇಲೂ ಬೆರಳು ತುಂಡಾಯಿತು ಅನ್ನಿ. ನಮ್ಮ ಮನೆಯಲ್ಲಿ ಆಗ ಆದ ತಪ್ಪನ್ನು ಹೇಳುತ್ತೇನೆ. ಸಿಪ್ಪೆ ರಾಶಿಯಲ್ಲಿ ಬೆರಳು ಹುಡುಕಿ ತೆಗೆದವಳು ನನ್ನ ತಂಗಿ. ಐಸಿನಲ್ಲಿ ಇಡಬೇಕು ಎಂದು ಎಲ್ಲೋ ಕೇಳಿದ್ದಳು. ಫ್ರೀಜರಿನ ಐಸನ್ನು ಸ್ಟೀಲ್ ಡಬ್ಬಿಗೆ ಸುರಿದು ಬೆರಳನ್ನು ಅದರೊಳಗೇ ಹೂತಿಟ್ಟಳು. ಇತ್ತ ಚಿಕ್ಕಪ್ಪನ ಕೈಗೆ ಯಾರೋ ಕಾಫಿಪುಡಿ ಮೆತ್ತಿದರು. ಆಸ್ಪತ್ರೆಯಲ್ಲಿ ಡಾಕ್ಟರು ಡಬ್ಬಿ ತೆರೆದು ನೋಡಿದಾಗ ಬೆರಳು ಬಿಳಿಚಿ ಕಲ್ಲಿನಂತಾಗಿತ್ತು. ಯಂತ್ರದಲ್ಲಿ ಜಜ್ಜಿದ ಬೆರಳು, ಕೂಡಿಸುವುದು ಮೊದಲೇ ಕಷ್ಟವಿತ್ತು ಎಂದು ಅವರು ಸಮಾಧಾನ ಹೇಳಿದರು. ತಂಗಿ ಇವತ್ತಿಗೂ ಆ ಡಬ್ಬಿ ಮುಟ್ಟುವುದಿಲ್ಲ. ಅವಳ ತಪ್ಪೇನೂ ಇರಲಿಲ್ಲ, ಪೂರ್ತಿ ಯಾರೂ ಹೇಳಿಕೊಟ್ಟಿರಲಿಲ್ಲ.

ಪೂರ್ತಿ ವಿಧಾನ ಇಷ್ಟು. ಮೊದಲು ಮನುಷ್ಯ, ಆಮೇಲೆ ಬೆರಳು. ಗಾಯದ ಮೇಲೆ ಶುದ್ಧ ಬಟ್ಟೆ ಇಟ್ಟು ಬಿಡದೆ ಒತ್ತಿ ಹಿಡಿಯಬೇಕು, ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲೆ ಎತ್ತಿರಬೇಕು. ಬೆರಳಿನ ರಕ್ತ ಸಾಧಾರಣವಾಗಿ ಇಷ್ಟಕ್ಕೇ ನಿಲ್ಲುತ್ತದೆ, ಹಗ್ಗದಲ್ಲಿ ಬಿಗಿದು ಕಟ್ಟುವುದು ಬೇಡ. ಕಾಫಿಪುಡಿ, ಅರಿಶಿನ, ಸುಣ್ಣ, ಸೊಪ್ಪಿನ ರಸ ಏನನ್ನೂ ಹಾಕಬಾರದು. ಅದನ್ನೆಲ್ಲ ಉಜ್ಜಿ ತೆಗೆಯುವಾಗ ಉಳಿಯಬಹುದಾದ ಅಂಗಾಂಶವೂ ಹಾಳಾಗುತ್ತದೆ. ಆ ಕೈಯಲ್ಲಿ ಉಂಗುರ ಬಳೆ ಇದ್ದರೆ ಊದಿಕೊಳ್ಳುವ ಮೊದಲೇ ತೆಗೆಯಬೇಕು. ತುಂಡಾದ ಬೆರಳನ್ನು ಶುದ್ಧ ನೀರಿನಲ್ಲಿ ಮೃದುವಾಗಿ ತೊಳೆದು, ಸಲೈನಿನಲ್ಲೋ ಶುದ್ಧ ನೀರಿನಲ್ಲೋ ಒದ್ದೆ ಮಾಡಿ ಹಿಂಡಿದ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಬಿಗಿಯಬೇಕು. ಆ ಕವರನ್ನು ನೀರು ಮತ್ತು ಐಸ್ ಎರಡೂ ಇರುವ ಇನ್ನೊಂದು ಕವರಿನಲ್ಲೋ ಪಾತ್ರೆಯಲ್ಲೋ ಇಡಬೇಕು. ಬೆರಳಿಗೆ ತಂಪು ತಾಗಬೇಕು, ಐಸ್ ತಾಗಬಾರದು. ಚರ್ಮದ ಒಂದು ಎಳೆಯಲ್ಲಿ ನೇತಾಡುತ್ತಿದ್ದರೆ ಕೀಳಬೇಡಿ, ಹಾಗೆಯೇ ಸುತ್ತಿ ಕರೆದೊಯ್ಯಿರಿ. ಆ ಎಳೆಯಲ್ಲೇ ಒಂದು ರಕ್ತನಾಳ ಉಳಿದಿರಬಹುದು. ಆಪರೇಷನ್ ಬೇಕಾಗಬಹುದಾದ್ದರಿಂದ ದಾರಿಯಲ್ಲಿ ಕಾಫಿ, ನೀರು, ಬೀಡಿ ಯಾವುದೂ ಬೇಡ. ಟೆಟನಸ್ ಇಂಜೆಕ್ಷನ್ ಆಸ್ಪತ್ರೆಯಲ್ಲಿ ಕೇಳಿ ಹಾಕಿಸಿಕೊಳ್ಳಿ.

ತುಂಡಾದ ಹೆಬ್ಬೆರಳನ್ನು ಮೊದಲ ಬಾರಿಗೆ ಮರಳಿ ಕೂಡಿಸಿದ್ದು 1965ರಲ್ಲಿ, ಜಪಾನಿನ ಕೊಮಾತ್ಸು ಮತ್ತು ತಮಾಯ್ ಎಂಬ ವೈದ್ಯರು. ಬೆರಳಿನ ರಕ್ತನಾಳದ ಅಡ್ಡಳತೆ ಸುಮಾರು ಒಂದು ಮಿಲಿಮೀಟರ್, ಹೊಲಿಯುವ ದಾರ ಕೂದಲಿಗಿಂತ ತೆಳು, ಸೂಕ್ಷ್ಮದರ್ಶಕದ ಕೆಳಗೆ ಗಂಟೆಗಟ್ಟಲೆ ಕೆಲಸ. ಎಲ್ಲ ಬೆರಳನ್ನೂ ಹೀಗೆ ಕೂಡಿಸುವುದಿಲ್ಲ. ಹೆಬ್ಬೆರಳು, ಒಟ್ಟಿಗೆ ಹೋದ ಹಲವು ಬೆರಳು, ಮಕ್ಕಳ ಬೆರಳು ಇವಕ್ಕೆ ಹೆಚ್ಚು ಪ್ರಯತ್ನ ನಡೆಯುತ್ತದೆ. ಜಜ್ಜಿದ್ದಕ್ಕಿಂತ ನೇರ ಕತ್ತರಿಸಿದ್ದು ಹೆಚ್ಚು ಕೂಡಿಕೊಳ್ಳುತ್ತದೆ. ಕೂಡಿಸಬಹುದೋ ಇಲ್ಲವೋ ಎಂದು ನಿರ್ಧರಿಸುವುದು ಸರ್ಜನ್ನರ ಕೆಲಸ, ಆದ್ದರಿಂದ ಎಷ್ಟೇ ಹಾಳಾಗಿ ಕಂಡರೂ ಬೆರಳನ್ನು ಬಿಟ್ಟು ಹೋಗಬಾರದು.

ಬೆರಳಿನಲ್ಲಿ ಸ್ನಾಯುಗಳಿಲ್ಲ, ಬರೀ ಎಲುಬು, ರಜ್ಜು, ನರ, ಚರ್ಮ. ಹಾಗಾಗಿ ತಂಪಿನಲ್ಲಿ ಸರಿಯಾಗಿ ಇಟ್ಟ ಬೆರಳು ಇಪ್ಪತ್ನಾಲ್ಕು ಗಂಟೆಯವರೆಗೂ ಬದುಕಬಲ್ಲದು, ತಂಪಿಲ್ಲದೆ ಆರರಿಂದ ಹನ್ನೆರಡು ಗಂಟೆ. ಮಣಿಕಟ್ಟು, ಮುಂಗೈ ಹೋದರೆ ಅಲ್ಲಿ ಸ್ನಾಯು ಇದೆ, ತಂಪಿಲ್ಲದಿದ್ದರೆ ಆರು ಗಂಟೆಗೇ ಕಷ್ಟ. ಮಲೆನಾಡಿನವರಿಗೆ ಈ ಲೆಕ್ಕ ಬಹಳ ಮುಖ್ಯ. ಮೊದಲ ಆರೈಕೆ ತಾಲ್ಲೂಕು ಆಸ್ಪತ್ರೆಯಲ್ಲೋ ಶಿವಮೊಗ್ಗದ ಮೆಗ್ಗಾನ್‌ನಲ್ಲೋ ಆಗಬಹುದು. ಆದರೆ ಸೂಕ್ಷ್ಮದರ್ಶಕದ ಶಸ್ತ್ರಚಿಕಿತ್ಸೆಗೆ ಘಾಟಿ ಇಳಿದು ಮಣಿಪಾಲ, ಮಂಗಳೂರಿಗೋ ಸುಮಾರು 300 ಕಿಲೋಮೀಟರ್ ದೂರದ ಬೆಂಗಳೂರಿಗೋ ಹೋಗಬೇಕಾಗಿ ಬರಬಹುದು. ಗಾಡಿ ಹೊರಡಿಸುವ ಮೊದಲು ಒಂದು ಫೋನು ಮಾಡಿ ಕೇಳಿ: ಬೆರಳು ಕೂಡಿಸುವ ಪ್ಲಾಸ್ಟಿಕ್ ಸರ್ಜನ್ ಈಗ ಇದ್ದಾರೆಯೇ? ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆಯುವುದರಲ್ಲಿ ಹೋಗುವ ಹೊತ್ತು ಘಾಟಿ ರಸ್ತೆಯಲ್ಲಿ ಹೋಗುವುದಕ್ಕಿಂತ ಹೆಚ್ಚು. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರು ಮೊನ್ನೆ ಮೊನ್ನೆಯವರೆಗೆ ಲಾಂಚಿಗೆ ಕಾಯಬೇಕಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಸಾಗರಕ್ಕೆ ನೇರ ರಸ್ತೆಯಾಗಿದೆ. ಇಂಥ ಹೊತ್ತಿನಲ್ಲಿ ಆ ಸೇತುವೆಯ ಬೆಲೆ ತಿಳಿಯುತ್ತದೆ.

ಪರಿಹಾರದ ಮಾತು ಕೆಲಸದವರಿಗೂ ಯಜಮಾನರಿಗೂ ಗೊತ್ತಿರಲೇಬೇಕು. 1923ರ ನೌಕರರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಒಂದೊಂದು ಬೆರಳಿಗೂ ಗಳಿಕೆ ಸಾಮರ್ಥ್ಯದ ನಷ್ಟ ಇಷ್ಟು ಎಂದು ಬರೆದಿದೆ: ಹೆಬ್ಬೆರಳಿಗೆ ಶೇ 30, ಪೂರ್ತಿ ತೋರುಬೆರಳಿಗೆ ಶೇ 14, ನಡುಬೆರಳಿಗೆ ಶೇ 12, ಉಂಗುರ ಅಥವಾ ಕಿರುಬೆರಳಿಗೆ ಶೇ 7, ಒಂದೇ ಕೈಯ ನಾಲ್ಕು ಬೆರಳಿಗೆ ಶೇ 50. ಈ ಕಾಯ್ದೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ವಿದ್ಯುತ್ ಅಥವಾ ಯಂತ್ರಶಕ್ತಿಯ ಸಾಧನಗಳಿಂದ ಮಾಡುವ ಕೃಷಿ ಕೆಲಸದವರೂ ಪರಿಹಾರಕ್ಕೆ ಅರ್ಹರ ಪಟ್ಟಿಯಲ್ಲಿದ್ದಾರೆ. ಆಸ್ಪತ್ರೆ ಬಿಲ್ಲು ಕಟ್ಟಿ, ಕೈಗೆ ಐದು ಸಾವಿರ ಕೊಟ್ಟು ಮುಗಿಸುವ ನಮ್ಮೂರಿನ ಪದ್ಧತಿ ನ್ಯಾಯವೂ ಅಲ್ಲ, ಕಾನೂನೂ ಅಲ್ಲ. ತನ್ನದೇ ಅಂಗಳದಲ್ಲಿ ದುಡಿಯುವ ಸಣ್ಣ ಬೆಳೆಗಾರನಿಗಾದರೆ ಈ ಆಸರೆಯೂ ಇಲ್ಲ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಭಾಗಶಃ ಅಂಗವೈಕಲ್ಯಕ್ಕೆ ಒಂದು ಲಕ್ಷ ಕೊಡುತ್ತದೆ, ಆದರೆ ಅದಕ್ಕೆ ಒಂದು ಕಣ್ಣೋ ಒಂದು ಕೈಯೋ ಒಂದು ಕಾಲೋ ಹೋಗಿರಬೇಕು. ಎರಡು ಬೆರಳು ಅದರ ಲೆಕ್ಕಕ್ಕೆ ಬರುವುದಿಲ್ಲ. ಕಾರ್ಖಾನೆಗಳ ಕಡೆಯೂ ಒಂದು ಬದಲಾವಣೆ ಆಗಿದೆ. 1948ರ ಕಾರ್ಖಾನೆಗಳ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಘಟಕ ಕಾರ್ಖಾನೆ ಎನಿಸಿಕೊಳ್ಳಲು 10 ಕೆಲಸಗಾರರು ಸಾಕಿತ್ತು, 2025ರ ನವೆಂಬರ್ 21ರಂದು ಜಾರಿಗೆ ಬಂದ, ಕೆಲಸದ ಸ್ಥಳದ ಸುರಕ್ಷತೆಯ ಹೊಸ ಸಂಹಿತೆಯಲ್ಲಿ 20 ಬೇಕು. ಹನ್ನೆರಡು ಹದಿನೈದು ಜನರ ವರ್ಕ್‌ಶಾಪುಗಳೇ ಹೆಚ್ಚಿರುವ ನಮ್ಮಂಥ ಜಿಲ್ಲೆಗೆ ಇದು ಒಳ್ಳೆಯದು ಎಂದು ನನಗೆ ಅನ್ನಿಸುವುದಿಲ್ಲ.

ಚಿಕ್ಕಪ್ಪನ ಕೈ ಮೂರು ತಿಂಗಳಿಗೆ ಮಾಗಿತು. ಆದರೆ ಆಷಾಢದ ಥಂಡಿಗೆ ಮೊಂಡು ಬೆರಳು ಇವತ್ತಿಗೂ ಸಿಡಿಯುತ್ತದೆ, ಸ್ವೆಟರಿನ ತೋಳಿನೊಳಗೆ ಕೈ ಎಳೆದುಕೊಂಡು ಕೂರುತ್ತಾರೆ. ಹಾಲು ಕರೆಯುವುದನ್ನು ಎಡಗೈಗೆ ಕಲಿಸಿಕೊಂಡರು. ರೇಷನ್ ಅಂಗಡಿಯಲ್ಲಿ ಬೆರಳಚ್ಚಿಗೆ ತೋರುಬೆರಳು ಕೇಳಿದಾಗ ಮೊದಮೊದಲು ಸುಮ್ಮನೆ ನಿಂತುಬಿಡುತ್ತಿದ್ದರು, ಈಗ ಎಡಗೈ ಮುಂದೆ ಮಾಡುತ್ತಾರೆ.

ಮಷಿನ್ನಿಗೆ ಸ್ಟಾರ್ಟರ್ ಕೂರಿಸಿ ಆಗಿದೆ. ಬಾಯಿಯ ಪಕ್ಕ ಮೊಳದುದ್ದದ ಬಿದಿರಿನ ಕೋಲೊಂದನ್ನು ದಾರದಲ್ಲಿ ಕಟ್ಟಿ ನೇತುಹಾಕಿದ್ದೇವೆ. ಕಳೆದ ಹಂಗಾಮಿನಲ್ಲೂ ಕಾಯಿ ಸಿಕ್ಕಿಕೊಂಡಿತು, ಒಂದೇ ಸಂಜೆಗೆ ಏಳೆಂಟು ಸಲ. ಪ್ರತಿ ಸಲವೂ ಚಿಕ್ಕಪ್ಪ ಎದ್ದು ಮೈನ್ ಬೋರ್ಡಿನ ಹತ್ತಿರ ಹೋದರು, ಫ್ಯೂಸ್ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡರು, ಡ್ರಮ್ಮು ನಿಲ್ಲುವವರೆಗೆ ಕೈ ಕಟ್ಟಿಕೊಂಡು ನಿಂತರು, ಆಮೇಲೆ ಕೋಲು ಹಿಡಿದರು. ಸುಲಿಯಲು ಬಂದ ಹುಡುಗ ಒಮ್ಮೆ ಅವಸರ ಮಾಡಿದ. ಚಿಕ್ಕಪ್ಪ ಬೈಯಲಿಲ್ಲ, ಬಲಗೈ ತೋರಿಸಿದರು ಅಷ್ಟೇ.